ದೊಡ್ಡ ಮಗುವಿಗೂ ಮನೆ ಬೇಕು

ದತ್ತಕದ ವಿಚಾರ ಕೇಳುವ ದಂಪತಿಗಳು ಸಾಮಾನ್ಯವಾಗಿ ಮೊದಲು ಆಡುವ ಮಾತು, ‘ಕೈಗೂಸು ಸಿಕ್ಕೀತೇ?’ ಎಂಬುದು. ಆ ಆಸೆ ಸಹಜವೇ. ತೊಟ್ಟಿಲು ತೂಗುವ ಭಾಗ್ಯವನ್ನು ಯಾರು ತಾನೆ ಬೇಡವೆಂದಾರು? ಆದರೆ ಎಂಟು ಹತ್ತು ವರ್ಷ ತುಂಬಿದ ಮಗುವೂ ಮನೆಯೊಂದನ್ನು ಹಂಬಲಿಸುತ್ತದೆ. ‘ಬುದ್ಧಿ ಬಂದ ಮಗು ನಮ್ಮದಾದೀತೇ?’ ಎಂಬ ಅಂಜಿಕೆಯಿಂದ ಅದರ ಕಡೆಗೆ ಕಣ್ಣು ಹಾಯಿಸುವವರು ವಿರಳ.

ನಮ್ಮ ಪ್ರದೇಶಕ್ಕೆ ಈ ಅಂಜಿಕೆ ಶೋಭಿಸದು. ಅಳಿಯಸಂತಾನದ ಮನೆಗಳಲ್ಲಿ ಸೋದರಮಾವನು ಅಕ್ಕತಂಗಿಯರ ಮಕ್ಕಳನ್ನು ತನ್ನವರೆಂದೇ ಸಾಕಿದನು. ಕೇರಳದ 1975ರ ಕಾಯಿದೆಯಿಂದ ಆ ಅವಿಭಕ್ತ ಕಟ್ಟು ಕೊನೆಗೊಂಡಿತು. ಹೆತ್ತವರಷ್ಟೇ ಬಂಧುಗಳಲ್ಲವೆಂಬ ಅದರ ಪಾಠ ಕೊನೆಗೊಳ್ಳಬೇಕಾಗಿಲ್ಲ. ಹಿಂದಿನ ದತ್ತಕ ಬಹುಮಟ್ಟಿಗೆ ವಂಶಕ್ಕಾಗಿ, ಪಿಂಡಪ್ರದಾನಕ್ಕಾಗಿ ನಡೆಯುತ್ತಿತ್ತು. 2015ರ ಬಾಲನ್ಯಾಯ ಕಾಯಿದೆಯ ದತ್ತಕವಾದರೋ ಮಗುವಿನ ಹಿತಕ್ಕಾಗಿ. ಅದರ ಪ್ರಕಾರ, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಮಗುವಿನ ಇಷ್ಟವನ್ನೂ ಪರಿಗಣಿಸಬೇಕು.

ಇಲ್ಲಿ ಎರಡು ಮಾತುಗಳ ಭೇದವನ್ನು ಅರಿಯುವುದು ಅವಶ್ಯ. ದತ್ತು ಪಡೆದ ಮಗು ಎಲ್ಲ ಹಕ್ಕುಗಳೊಡನೆ ಮನೆಯ ಮಗುವಾಗುತ್ತದೆ. ಪೋಷಕತ್ವವೆಂದರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಗುವನ್ನು ಕೆಲಕಾಲ ನಮ್ಮ ಮನೆಯಲ್ಲಿ ಸಾಕುವುದು. ಪೋಷಕತ್ವದಲ್ಲಿರುವ ಎಲ್ಲ ಮಕ್ಕಳೂ ದತ್ತಕಕ್ಕೆ ಸಲ್ಲುವವರಲ್ಲ; ಹಲವರು ಹೆತ್ತವರ ಬಳಿಗೆ ಮರಳಬೇಕಾದವರು. ಕಾನೂನಿನಂತೆ ದತ್ತಕಕ್ಕೆ ಮುಕ್ತವಾದ ಮಗುವನ್ನು, ಸಾಕಿದ ಕುಟುಂಬವೇ ಮುಂದೆ ದತ್ತು ಪಡೆಯಬಹುದು. ಅದಕ್ಕೆ 2016ರ ಮಾರ್ಗದರ್ಶಿಕೆ ಐದು ವರ್ಷಗಳ ಪೋಷಣೆಯನ್ನು ಕೇಳುತ್ತಿತ್ತು. ಕೇಂದ್ರ ಸರಕಾರದ 2024ರ ಮಾದರಿ ಮಾರ್ಗದರ್ಶಿಕೆ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಮಗುವೂ ಮನೆಯೂ ಪರಸ್ಪರ ಅರಿತುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ವಯಸ್ಸು ಮೀರಿತೆಂದು ಕೈಚೆಲ್ಲಿದವರೂ ಗಮನಿಸಬೇಕು. 2022ರ ನಿಯಮಗಳಂತೆ ಎರಡು ವರ್ಷದೊಳಗಿನ ಕೂಸಿಗೆ ದಂಪತಿಗಳ ಒಟ್ಟು ವಯಸ್ಸು 85 ಮೀರಬಾರದು. ಎಂಟು ದಾಟಿದ ಮಗುವಿಗಾದರೆ 110ರ ವರೆಗೆ ಅವಕಾಶವಿದೆ. ಐವತ್ತೈದರ ಗಂಡ, ಐವತ್ತರ ಹೆಂಡತಿಯೂ ಅರ್ಜಿ ಹಾಕಬಹುದು. ಜಾತಿಮತಗಳ ಅಡ್ಡಿಯೂ ಇಲ್ಲ. ಯಾವ ಧರ್ಮದವರೂ ಬಾಲನ್ಯಾಯ ಕಾಯಿದೆಯಂತೆ ದತ್ತು ಪಡೆಯಬಹುದೆಂದು, ಆಗ ಜಾರಿಯಲ್ಲಿದ್ದ ಹಿಂದಿನ ಕಾಯಿದೆಯ ಸಂಬಂಧದಲ್ಲೇ, ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ಪಷ್ಟಪಡಿಸಿದೆ.

ಗಡಿನಾಡಿನ ನಮಗೆ ಇನ್ನೊಂದು ಹೊಣೆಯಿದೆ. ಮನೆಯಿಂದ ಅಗಲಿದ ಮಗುವಿಗೆ ನೆಲೆ ಹುಡುಕುವಾಗ ಅದರ ಧರ್ಮ, ಸಂಸ್ಕೃತಿ, ಭಾಷೆಗಳನ್ನು ಲಕ್ಷಿಸಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಅಂಗೀಕರಿಸಿತು. ಕನ್ನಡವನ್ನೋ ತುಳುವನ್ನೋ ಆಡಿ ಬೆಳೆದ ಮಗು ಅಪ್ಪ ಅಮ್ಮಂದಿರನ್ನು ಕಳೆದುಕೊಂಡ ಮೇಲೆ ಮಾತನ್ನೂ ಕಳೆದುಕೊಳ್ಳಬೇಕೇ? ದುಃಖವನ್ನು ತೋಡಿಕೊಳ್ಳಲು ಅದಕ್ಕೆ ಉಳಿದಿರುವುದು ಆ ಮಾತೊಂದೇ. ಮಲಯಾಳ ಮಾತಾಡುವ ಮನೆಯಲ್ಲಿ ವಾತ್ಸಲ್ಯವಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಕನ್ನಡದ ಮನೆಗಳು ಬಾಗಿಲು ತೆರೆಯದಿದ್ದರೆ ಭಾಷೆಯನ್ನು ಲಕ್ಷಿಸಬೇಕೆಂಬ ಆ ಮಾತು ಕಾಗದದಲ್ಲೇ ಉಳಿದೀತು.

ಕನಿಕರದ ಭರದಲ್ಲಿ ಅಡ್ಡದಾರಿ ಹಿಡಿಯಬಾರದು. ಅನಾಥ ಅಥವಾ ತೊರೆದ ಶಿಶುವನ್ನು ವಿಧಿಬದ್ಧವಲ್ಲದೆ ಕೊಡುವುದೂ ಪಡೆಯುವುದೂ ಅಪರಾಧ. ಮೂರು ವರ್ಷಗಳ ವರೆಗೆ ಸೆರೆವಾಸವಾದೀತು. ಪೋಷಕತ್ವಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ದತ್ತಕಕ್ಕೆ ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಗೃಹಪರಿಶೀಲನೆಯೇ ಮೊದಲಾದವು ಮುಗಿದ ಬಳಿಕ ಜಿಲ್ಲಾಧಿಕಾರಿ ಆದೇಶ ನೀಡುವರು. ನಿರ್ಗತಿಕ ಮಗು ಕಂಡುಬಂದರೆ 1098ಕ್ಕೆ ದೂರವಾಣಿ ಕರೆ ಮಾಡಬಹುದು.

ದೊಡ್ಡ ಮಗು ಮನೆಗೆ ಬಂದಾಗ ಮೊದಲ ದಿನವೇ ‘ಅಮ್ಮಾ’ ಎನ್ನಬೇಕೆಂದು ಒತ್ತಾಯಿಸದಿರಿ. ಹಳೆಯ ನೆನಪುಗಳನ್ನು ಅಳಿಸಹೋಗದಿರಿ. ಬೇರುಸಹಿತ ಕಿತ್ತ ಸಸಿಯನ್ನು ನೆಡುವವನು ಬುಡದ ಹಳೆಯ ಮಣ್ಣನ್ನು ಕೊಡಹಿಬಿಡುವುದಿಲ್ಲ. ಅಡಿಕೆ ತೋಟದ ಈ ನಾಡಿನವರಿಗೆ ಅದನ್ನು ಬೇರೆಯಾಗಿ ಹೇಳಬೇಕೇ?