ಬೀಜದೊಳಗಿನ ಕಾವಲು

ಪ್ರಾಣಿಗಳಂತೆ ಸಸ್ಯಗಳಿಗೆ ರಕ್ತದಲ್ಲಿ ಸಂಚರಿಸಿ ರೋಗದೊಡನೆ ಹೋರಾಡುವ ಕಣಗಳಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ರೋಗಾಣುವನ್ನು ಗುರುತು ಹಿಡಿಯಬಲ್ಲ ವಂಶವಾಹಿ ಇದ್ದರೆ, ಅನೇಕ ವೇಳೆ ಸೋಂಕು ತಗುಲಿದ ಕೋಶ ತಾನೇ ಸತ್ತು ಸುತ್ತಲಿನ ಕೋಶಗಳನ್ನು ಉಳಿಸುತ್ತದೆ. ಅಂಥ ಕಾವಲಿಲ್ಲದ ತಳಿಗಾಗಿ ರೈತನು ಬೆನ್ನಿಗೆ ಔಷಧಿಯ ಪಂಪು ಹೊರಬೇಕಾಗುತ್ತದೆ.

ಈ ಗುಣಗಳು ಪ್ರಯೋಗಶಾಲೆಯಲ್ಲಿ ಹುಟ್ಟಿದವಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ಬೆಂಡೆಗೆ ಹಳದಿ ನಂಜುರೋಗ ತಡೆಯುವ ಶಕ್ತಿ ಬಂದದ್ದು ಬೆಂಡೆಯ ಕಾಡುಬಂಧುವಿನಿಂದ. ಆದರೆ ರೋಗಾಣುವೂ ಸುಮ್ಮನಿರುವುದಿಲ್ಲ. ವರ್ಷಗಳುರುಳಿದಂತೆ ಆ ತಳಿಯ ತಡೆಶಕ್ತಿ ಕುಂದಿತು. ಒಂದೇ ಬೀಗವನ್ನು ನಂಬಿದ ಮನೆಗೆ ಒಂದು ಕಳ್ಳಕೀಲಿ ಸಾಕು. ಹೊಸ ಬೀಗಗಳಿಗಾಗಿ ಮತ್ತೆ ಕಾಡಿಗೂ ಹಿತ್ತಲಿಗೂ ಹೋಗಲೇಬೇಕು. ನಮ್ಮ ಬೇಲಿಯಂಚಿನ ಸುಂಡೆಯನ್ನೇ ನೋಡಿ: ಅದರ ಬೇರಿನ ಮೇಲೆ ಕಸಿ ಕಟ್ಟಿದ ಬದನೆ ಸೊರಗು ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ದಾರಿ ಅಗಲಿಸುವಾಗ ನಾವು ಮೊದಲು ಕಡಿಯುವುದೂ ಅದನ್ನೇ.

ಈ ಸಂಪತ್ತಿನ ಒಡೆಯರು ಯಾರು? ಈ ಪ್ರಶ್ನೆ ಧಾರವಾಡದಲ್ಲಿಯೇ ಎದ್ದಿತು. 2005ರಲ್ಲಿ ಇಲ್ಲಿಯ ಕೃಷಿ ವಿಶ್ವವಿದ್ಯಾಲಯವು ಬಿಟಿ ಬದನೆಯ ಯೋಜನೆಗೆ ಸೇರಿತು. ಆ ಯೋಜನೆಯ ಬಿಟಿ ವಂಶವಾಹಿ ಮಣ್ಣಿನ ದುಂಡಾಣುವಿನದು. ಅದರ ಗುರಿ ಕಾಯಿಕೊರಕ ಹುಳುವೇ ಹೊರತು ರೋಗವಲ್ಲ. ಆದರೆ ಅದನ್ನು ಸೇರಿಸಲು ಆಯ್ದುಕೊಂಡ ಬದನೆಗಳು ನಮ್ಮ ಜನರವು: ಮಲ್ಲಾಪುರ, ಕುಡಚಿ, ಉಡುಪಿ. 2010ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ನೀಡಿತು. ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಿತು.

ವಿಜ್ಞಾನವನ್ನು ದೂರುವುದು ಈ ಮಾತಿನ ಉದ್ದೇಶವಲ್ಲ. ತಳಿ ಸಂಶೋಧನೆ ನಡೆಯಲೇಬೇಕು. ರೋಗಕ್ಕೆ ತುತ್ತಾಗಿ ಮುದುರಿದ ಮೆಣಸಿನ ಹೊಲವನ್ನು ಕಂಡ ಯಾರೂ ಅದನ್ನು ಬೇಡವೆನ್ನಲಾರರು. ಆದರೆ ಕೊಟ್ಟವರ ಹೆಸರು ಬರೆದಿಡದ ಕಡೆ ಪಡೆದವನೇ ಒಡೆಯನಾಗುತ್ತಾನೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಜನತಾ ಜೀವವೈವಿಧ್ಯ ದಾಖಲೆಯನ್ನು ಅದು ಸಿದ್ಧಪಡಿಸಬೇಕು. ನಿಮ್ಮೂರಿನ ದಾಖಲೆಯನ್ನು ಕೇಳಿ ನೋಡಿ. ವಿದ್ಯಾರ್ಥಿಗಳು ಹಿರಿಯರ ಬಳಿ ಕುಳಿತು ಬರೆದುಕೊಳ್ಳಲಿ: ಯಾವ ಬದನೆ ಮಳೆಗಾಲದಲ್ಲೂ ಸೊರಗದು, ಯಾವ ಸೌತೆಗೆ ಬೂದಿರೋಗ ಹತ್ತದು, ಬೀಜ ಯಾರ ಮನೆಯಲ್ಲಿದೆ. ಬರೆದರಷ್ಟೇ ಸಾಲದು, ಆ ಬೀಜವನ್ನು ಪ್ರತಿವರ್ಷ ಬಿತ್ತಬೇಕು. ಮಡಕೆಯಲ್ಲಿ ಮರೆತ ಬೀಜ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಹೊಲದಲ್ಲಿರುವ ಬೀಜ ರೋಗದೊಡನೆ ಸೆಣಸುತ್ತ ಹೊಸ ಪಾಠ ಕಲಿಯುತ್ತದೆ.