ಹೆಬ್ಬೆಟ್ಟು, ಕಾರ್ಡು ಮತ್ತು ಹಾಜರಿ ಪುಸ್ತಕ

ಓದು ಬರಹ ಬಾರದವರನ್ನು ‘ಹೆಬ್ಬಟ್ಟಿನವ’ ಎಂದು ಹಗುರವಾಗಿ ಆಡಿಕೊಳ್ಳುವ ಮಾತು ನಮ್ಮ ಸೀಮೆಯಲ್ಲಿ ಬಹಳ ಕಾಲದಿಂದ ಇದೆ. ಈಗ ನೋಡಿ, ಎಂ.ಎ. ಮಾಡಿದವರು, ಇಂಜಿನಿಯರುಗಳು, ಗುಮಾಸ್ತರು, ಅಧಿಕಾರಿಗಳು ಎಲ್ಲರೂ ಬೆಳಿಗ್ಗೆ ಗೋಡೆಯ ಮೇಲಿನ ಯಂತ್ರಕ್ಕೆ ಬೆರಳು ಒತ್ತಿಯೇ ತಮ್ಮ ಕುರ್ಚಿಗೆ ಹೋಗಬೇಕಾಗಿದೆ. ಸಹಿ ಮಾಡಲು ಕಲಿತೆವೆಂದು ಬೀಗಿದವರನ್ನು ವಿಜ್ಞಾನ ಮತ್ತೆ ಹೆಬ್ಬೆಟ್ಟಿಗೇ ತಂದು ನಿಲ್ಲಿಸಿದೆ.

ಗದಗಿನ ಪಕ್ಕದ ನಾಗಾವಿ ಈಗ ಒಂದು ವಿಶ್ವವಿದ್ಯಾಲಯದ ಊರು. 2016ರ ಕಾಯ್ದೆಯಂತೆ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಆವರಣ ಇರುವುದು ಅಲ್ಲಿಯೇ. ಅಲ್ಲಿ ಓದುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ನಾಳೆ ಹಳ್ಳಿಯ ಕಚೇರಿಗಳಲ್ಲಿ ಕೂಡುವವರು; ಇಂಥ ಯಂತ್ರದ ಉಸ್ತುವಾರಿ ಒಂದಲ್ಲ ಒಂದು ದಿನ ಅವರ ಪಾಲಿಗೆ ಬಂದೇ ಬರುತ್ತದೆ. ಆ ಊರಿನ ಪಾಲಕರೊಬ್ಬರು ಈಚೆಗೆ ಸಂತೆಯಲ್ಲಿ ಭೇಟಿಯಾಗಿ ಕೇಳಿದರು: “ಸರ, ಮಗಳ ಹಾಸ್ಟೆಲ್‌ನ್ಯಾಗ ಬೆರಳಿಡೋ ಮಶೀನು ಹಚ್ಯಾರ. ಒಪ್ಪಿಗಿ ಪತ್ರಕ್ಕ ಸಹಿ ಹಾಕ್ರಿ ಅಂದಾರ. ಹಾಕಲ್ಯೋ, ಬ್ಯಾಡೋ?” ಒಂದೇ ಮಾತಿನಲ್ಲಿ ಉತ್ತರ ಕೊಡುವ ಪ್ರಶ್ನೆ ಅದಾಗಿರಲಿಲ್ಲ. ಆದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಬೆರಳ ಗುರುತಿನ ಕತೆ ಆರಂಭವಾಗುವುದು ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ಒಪ್ಪಂದವೊಂದಕ್ಕೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಮುದ್ರೆ ಹಾಕಿಸಿಕೊಂಡ. ಮುಂದೆ ಮಾತಿಗೆ ತಪ್ಪದಿರಲಿ ಎಂಬ ಹೆದರಿಕೆ ಹುಟ್ಟಿಸುವುದಷ್ಟೇ ಆಗ ಅವನ ಉದ್ದೇಶ. 1897ರಲ್ಲಿ ಜಗತ್ತಿನ ಮೊದಲ ಬೆರಳ ಗುರುತಿನ ಕಚೇರಿ ಕಲ್ಕತ್ತೆಯಲ್ಲಿ ತೆರೆಯಿತು. ಸಾವಿರಾರು ಗುರುತುಗಳನ್ನು ವಿಂಗಡಿಸುವ ಗಣಿತಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಪದ್ಧತಿಗೆ ಉಳಿದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಕಚೇರಿಗಳಲ್ಲಿ ಇದೇನೂ ಅಪರೂಪದ ಸಂಗತಿಯಲ್ಲ, ಬಿಡಿ.

ಈಗ ಯಂತ್ರಕ್ಕೆ ಬರೋಣ. ನಾವು ತಾಯಿಯ ಗರ್ಭದಲ್ಲಿ ನಾಲ್ಕೈದು ತಿಂಗಳಿನವರಿರುವಾಗಲೇ ಬೆರಳ ತುದಿಯ ಏಣುಗಳ ವಿನ್ಯಾಸ ನಿಶ್ಚಿತವಾಗಿಬಿಡುತ್ತದೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿಯೂ ಅದು ಬೇರೆ ಬೇರೆ. ಹಾಜರಿ ಯಂತ್ರದ ಗಾಜಿನ ಕೆಳಗೆ ಸಣ್ಣದೊಂದು ದೀಪ ಉರಿಯುವುದನ್ನು ನೀವು ಕಂಡಿರಬಹುದು. ಆ ಗಾಜು ನಿಜಕ್ಕೂ ಒಂದು ಪಟ್ಟಕ. ಪಾಠದಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನ ಓದಿದ್ದೀರಲ್ಲ, ಅದೇ ಇಲ್ಲಿ ನಡೆಯುತ್ತದೆ. ಬೆರಳು ಇಡದಿದ್ದಾಗ ಒಳಗಿನಿಂದ ಬಂದ ಬೆಳಕೆಲ್ಲ ಗಾಜಿನ ಮೇಲ್ಮೈಗೆ ಬಡಿದು ಮರಳಿ ಕ್ಯಾಮೆರಾಕ್ಕೆ ಬರುತ್ತದೆ. ಬೆರಳಿಟ್ಟಾಗ ಏಣು ತಾಗಿದ ಕಡೆ ಬೆಳಕು ಚರ್ಮಕ್ಕೆ ಸೋರಿಹೋಗಿ ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಏಣುಗಳ ನಡುವಿನ ತಗ್ಗಿನಲ್ಲಿ ಗಾಳಿ ಉಳಿದಿರುವುದರಿಂದ ಅಲ್ಲಿ ಬೆಳ್ಳಗೇ ಇರುತ್ತದೆ. ಬೆರಳು ಒಣಗಿದ್ದರೆ ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಗೆರೆ ತುಂಡು ತುಂಡಾಗುತ್ತದೆ. ತೀರ ಒದ್ದೆಯಾಗಿದ್ದರೆ ತಗ್ಗಿನಲ್ಲಿ ನೀರು ತುಂಬಿ ಎಲ್ಲವೂ ಕಪ್ಪು. ಸೂರ್ಯನ ಬಿಸಿಲು ನೇರವಾಗಿ ಗಾಜಿಗೆ ಬಿದ್ದರೂ ಯಂತ್ರಕ್ಕೆ ಕಣ್ಣು ಕತ್ತಲೆ. ಪೂರ್ವಕ್ಕೆ ಮುಖ ಮಾಡಿದ ಬಾಗಿಲಲ್ಲಿ ಯಂತ್ರ ಕೂಡಿಸಿ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ‘ತಗೊಳ್ಳವಲ್ದು’ ಎಂದು ಅದನ್ನು ಬಡಿಯುವವರನ್ನು ನಾನು ನೋಡಿದ್ದೇನೆ.

ಚಿತ್ರ ಸಿಕ್ಕ ಮೇಲೆ ಯಂತ್ರ ಅದನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಹುಡುಕಿ, ಅವುಗಳ ಸ್ಥಾನ ಮತ್ತು ದಿಕ್ಕನ್ನು ಅಂಕಿಗಳಾಗಿ ಬರೆದಿಡುತ್ತದೆ. ಮರುದಿನ ಬೆರಳಿಟ್ಟಾಗ ಹೊಸ ಬಿಂದುಗಳ ಪಟ್ಟಿ ಸಿದ್ಧಪಡಿಸಿ ಹಳೆಯ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಇಲ್ಲಿ ಪಾಲಕರು ಗಮನಿಸಬೇಕಾದ ಮಾತೊಂದಿದೆ. ಎರಡು ಸಲ ಇಟ್ಟ ಒಂದೇ ಬೆರಳಿನ ಪಟ್ಟಿಗಳು ಎಂದೂ ನೂರಕ್ಕೆ ನೂರು ಒಂದೇ ಆಗಿರುವುದಿಲ್ಲ. ಒತ್ತುವ ಭಾರ, ಓರೆ, ಬೆವರು ಎಲ್ಲ ಬದಲಾಗುತ್ತವೆ. ‘ಇಷ್ಟು ಹೋಲಿದರೆ ಸಾಕು’ ಎಂಬ ಗೆರೆಯೊಂದನ್ನು ಯಂತ್ರದಲ್ಲಿ ಮನುಷ್ಯರೇ ಹಾಕಿರುತ್ತಾರೆ. ಗೆರೆಯನ್ನು ಕೆಳಗೆ ಇಳಿಸಿದರೆ ಬೇರೆಯವರೂ ನುಸುಳಬಹುದು, ಮೇಲೆ ಏರಿಸಿದರೆ ನಿಜವಾದವರೇ ಹೊರಗುಳಿಯಬಹುದು. ಎರಡು ತಪ್ಪುಗಳನ್ನೂ ಒಟ್ಟಿಗೆ ಸೊನ್ನೆ ಮಾಡುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ.

ಕಾರ್ಡಿನ ವಿಜ್ಞಾನ ಇದಕ್ಕಿಂತ ಸರಳ. ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ತೆಳುವಾದ ತಂತಿಯ ಸುರುಳಿ ಮತ್ತು ಸಾಸಿವೆಯಂಥ ಒಂದು ಚಿಪ್ಪು, ಅಷ್ಟೇ. ತೆಳ್ಳನೆಯ ಕೆಲವು ಕಾರ್ಡುಗಳನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಸುರುಳಿಯ ನೆರಳೂ ಕಾಣುತ್ತದೆ, ಮಕ್ಕಳು ಮಾಡಿ ನೋಡಬಹುದು. ಗೋಡೆಯ ಯಂತ್ರದಲ್ಲಿ ಇನ್ನೊಂದು ಸುರುಳಿ ಇದ್ದು, ಅದರಲ್ಲಿ ಪರ್ಯಾಯ ವಿದ್ಯುತ್ ಹರಿಯುತ್ತಿರುತ್ತದೆ. ಕಾರ್ಡು ಹತ್ತಿರ ಬಂದೊಡನೆ 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಕಾರ್ಡಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಚಿಪ್ಪು ಎಚ್ಚತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಸೆಕೆಂಡಿಗೆ 1,25,000 ಸಲ ಕಂಪಿಸುವ, ಅಂದರೆ 125 ಕಿಲೋಹರ್ಟ್ಸ್‌ನ ಅಗ್ಗದ ಕಾರ್ಡುಗಳು ಯಾರು ಕೇಳಿದರೂ ಅದೇ ಸಂಖ್ಯೆಯನ್ನು ಬಾಯಿಬಿಡುತ್ತವೆ. ಅವುಗಳ ನಕಲು ಮಾಡುವುದು ಕಷ್ಟವೇನಲ್ಲ. 13.56 ಮೆಗಾಹರ್ಟ್ಸ್‌ನ ಒಳ್ಳೆಯ ಕಾರ್ಡುಗಳು ಯಂತ್ರದೊಡನೆ ಗುಟ್ಟಿನ ಸವಾಲು ಜವಾಬು ನಡೆಸಿದ ಮೇಲೆಯೇ ಒಪ್ಪುತ್ತವೆ. ಬೆಂಗಳೂರಿನ ‘ನಮ್ಮ ಮೆಟ್ರೊ’ದ ಕಾರ್ಡನ್ನು ಮುಟ್ಟಿಸಿದಾಗ ಬಾಗಿಲು ತೆರೆಯುವುದರ ಹಿಂದೆಯೂ ಇದೇ ಪ್ರೇರಣೆ ಇದೆ.

ಹಾಗಾದರೆ ಬೆರಳೂ ಕಾರ್ಡೂ ಎರಡೂ ಏಕೆ? ಒಂದು ಲೆಕ್ಕ ಮಾಡೋಣ. ಎರಡು ಬೇರೆ ಬೆರಳುಗಳನ್ನು ಯಂತ್ರ ತಪ್ಪಾಗಿ ಒಂದೇ ಎನ್ನುವ ಸಂಭವ ಲಕ್ಷಕ್ಕೆ ಒಂದು ಎಂದು ಇಟ್ಟುಕೊಳ್ಳಿ. ಕೇಳಲು ಬಹಳ ಚೆನ್ನಾಗಿದೆ. ಆದರೆ 500 ಮಕ್ಕಳ ಪಟ್ಟಿ ಇರುವ ಶಾಲೆಯಲ್ಲಿ ಹೊರಗಿನವನೊಬ್ಬ ಬರಿಯ ಬೆರಳಿಟ್ಟರೆ ಯಂತ್ರ 500 ಸಲ ಹೋಲಿಸಿ ನೋಡುತ್ತದೆ. ಸಂಭವ ಹೆಚ್ಚುಕಡಿಮೆ 200ಕ್ಕೆ ಒಂದು ಆಯಿತು. ಮೊದಲು ಕಾರ್ಡು ತೋರಿಸಿದರೆ ‘ನಾನು ಇಂಥವಳು’ ಎಂದು ಹೇಳಿಕೊಂಡಂತೆ. ಆಗ ಯಂತ್ರ ಒಂದೇ ಪಟ್ಟಿಯೊಂದಿಗೆ ಹೋಲಿಸಿದರೆ ಸಾಕು. ಪುನಃ ಲಕ್ಷಕ್ಕೆ ಒಂದು. ಕಾರ್ಡನ್ನು ಗೆಳತಿಯ ಕೈಗೆ ಕೊಟ್ಟು ಹಾಜರಿ ಹಾಕಿಸುವ ಜಾಣತನಕ್ಕೂ ಬೆರಳು ತಡೆ ಹಾಕುತ್ತದೆ.

ಯಂತ್ರ ಕೂಡಿಸುವುದು ಅರ್ಧ ದಿನದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದೇ ನಿಜವಾದ ಕೆಲಸ, ಎಷ್ಟೋ ಸಂಸ್ಥೆಗಳು ಸೋಲುವುದೂ ಅಲ್ಲಿಯೇ. ಪೆಟ್ಟಿಗೆ ಬಿಚ್ಚಿದೊಡನೆ ಮೊದಲು ಮಾಡಬೇಕಾದದ್ದು ಉಸ್ತುವಾರಿ ಯಾರದೆಂದು ನೋಂದಾಯಿಸುವುದು. ಅಲ್ಲಿಯವರೆಗೆ ಬಹಳಷ್ಟು ಯಂತ್ರಗಳಲ್ಲಿ ಯಾವ ತುಂಟ ಹುಡುಗ ಗುಂಡಿ ಒತ್ತಿದರೂ ಒಳಗಿನ ಪಟ್ಟಿಯೆಲ್ಲ ತೆರೆದುಕೊಳ್ಳುತ್ತದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಬೇಕು. ಪ್ರತಿಯೊಬ್ಬರದೂ ಎರಡು ಕೈಯ ಒಂದೊಂದು ಬೆರಳಾದರೂ ದಾಖಲಾಗಬೇಕು. ಈಳಿಗೆಯಲ್ಲಿ ಬೆರಳು ಕೊಯ್ದುಕೊಂಡ ದಿನ ಇನ್ನೊಂದು ಇರುತ್ತದೆ. ಕಾರ್ಡು ಕಳೆದರೆ ಆ ಸಂಖ್ಯೆಯನ್ನು ಅದೇ ದಿನ ರದ್ದು ಮಾಡಬೇಕು. ಗಡಿಯಾರವನ್ನು ವಾರಕ್ಕೊಮ್ಮೆ ನೋಡಬೇಕು; ಕರೆಂಟು ಹೋಗಿ ಬಂದ ಮೇಲೆ ಯಂತ್ರದ ಗಡಿಯಾರ ತಪ್ಪಿದರೆ ಸಮಯಕ್ಕೆ ಬಂದವರೆಲ್ಲ ತಡವಾಗಿ ಬಂದವರಾಗುತ್ತಾರೆ. ಹಾಸ್ಟೆಲ್ ಬಾಗಿಲಿಗೆ ವಿದ್ಯುತ್ ಕಾಂತದ ಬೀಗ ಜೋಡಿಸಿದ್ದರೆ, ಕರೆಂಟು ಹೋದಾಗ ಕಾಂತತ್ವ ಅಳಿದು ಬಾಗಿಲು ತಾನೇ ಬಿಟ್ಟುಕೊಳ್ಳುವಂಥದ್ದೇ ಆಗಿರಬೇಕು, ಒಳಗಿನಿಂದ ತೆರೆಯಲು ಗುಂಡಿಯೂ ಇರಬೇಕು. ಬೆಂಕಿ ಬಿದ್ದ ಹೊತ್ತಿನಲ್ಲಿ ಮಕ್ಕಳು ಬೆರಳು ಒರೆಸಿಕೊಂಡು ಸಾಲಿನಲ್ಲಿ ನಿಲ್ಲಲಾಗದು. ಸಹಿ ಹಾಕುವ ಮುನ್ನ ಪಾಲಕರು ಇದೊಂದನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ಇನ್ನು ಹಾಜರಿ ಪುಸ್ತಕ. ಯಂತ್ರ ಬಂತೆಂದು ಅದನ್ನು ರದ್ದಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾರಣ ನಮ್ಮ ಜನರ ಕೈಗಳಲ್ಲಿಯೇ ಇದೆ. ಮೆಣಸಿನಕಾಯಿ, ಹತ್ತಿ ಬಿಡಿಸುವವರು, ಕಲ್ಲು ಒಡೆಯುವವರು, ಸಿಮೆಂಟು ಕಲಸುವವರು, ದಿನವಿಡೀ ಪಾತ್ರೆ ತಿಕ್ಕುವವರು, ಇವರ ಬೆರಳ ಏಣುಗಳು ಸವೆದಿರುತ್ತವೆ. ವಯಸ್ಸಾದವರಿಗೆ ಚರ್ಮ ಒಣಗಿ ಸುಕ್ಕಾಗಿರುತ್ತದೆ. ನಾನು ಬಲ್ಲ ಒಂದು ಹಾಸ್ಟೆಲ್ಲಿನ ಅಡುಗೆಯಾಕೆ ಎಲ್ಲರಿಗಿಂತ ಮೊದಲು, ನಸುಕಿನಲ್ಲಿ ಬರುತ್ತಿದ್ದರು. ಆದರೆ ತಿಂಗಳ ಕೊನೆಗೆ ಯಂತ್ರದ ಲೆಕ್ಕದಲ್ಲಿ ಒಂಬತ್ತು ದಿನ ಗೈರು. “ಮುಂಜಾನೆ ಐದಕ್ಕ ಬಂದು ಒಲಿ ಹಚ್ಚೇನ್ರಿ ಸರ, ಆ ಮಶೀನು ನನ್ನ ಹೆಬ್ಬಟ್ಟ ತಗೊಳ್ಳವಲ್ದು” ಎಂದು ಆಕೆ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ದಿನಗಳಲ್ಲಿ ಮಕ್ಕಳು ಉಂಡ ಊಟ ಯಾರು ಮಾಡಿದ್ದು ಎಂದು ಒಬ್ಬರಾದರೂ ಕೇಳಬೇಕಿತ್ತು. ಸಮಾಧಾನದ ಸಂಗತಿಯೆಂದರೆ, ಚರ್ಮದ ಕೆಳಪದರಕ್ಕೆ ಪೆಟ್ಟಾಗದಿದ್ದರೆ ಸವೆದ ಏಣುಗಳು ಕೆಲವು ವಾರಗಳ ವಿಶ್ರಾಂತಿಯಿಂದ ಮತ್ತೆ ಮೂಡುತ್ತವೆ. ದುಡಿಯುವ ಕೈಗೆ ವಿಶ್ರಾಂತಿ ಕೊಡುವವರು ಯಾರು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ.

ರೇಷನ್ ಅಂಗಡಿಯ ಮುಂದೆ ಇದೇ ತೊಂದರೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಬೆರಳು ತಾಳೆಯಾಗಬೇಕಾದದ್ದು ದೂರದ ಆಧಾರ್ ಭಂಡಾರದೊಂದಿಗೆ. ಬೆರಳು ಸರಿಯಿದ್ದರೂ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎನ್ನಿಸಿಕೊಂಡು ಕೂಲಿ ಕಳೆದುಕೊಂಡು ಮರಳಿದವರು ಇದನ್ನು ಓದುವ ಮನೆಗಳಲ್ಲಿಯೇ ಇದ್ದಾರು. ಬೆರಳು ತಾಳೆಯಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಕೂಡದು, ಬೇರೆ ದಾರಿಯಿಂದ ಗುರುತಿಸಿ ದಾಖಲಿಸಿಕೊಂಡು ಕೊಡಬೇಕು ಎಂದು 2017ರ ಅಕ್ಟೋಬರಿನಲ್ಲಿ ಆಧಾರ್ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿದೆ. ಪಾಲಕರು ಇದನ್ನು ಗೊತ್ತಿಟ್ಟುಕೊಂಡು, ಅಗತ್ಯ ಬಿದ್ದರೆ ಅಂಗಡಿಯಲ್ಲಿ ಹೇಳಬೇಕು.

ಬೆರಳಿಗೂ ಕಾರ್ಡಿಗೂ ಇರುವ ದೊಡ್ಡ ವ್ಯತ್ಯಾಸ ಇನ್ನೊಂದು. ಕಾರ್ಡು ಕದ್ದುಹೋದರೆ ಹೊಸ ಕಾರ್ಡು ಮಾಡಿಸಬಹುದು. ಬೆರಳ ಗುರುತು ಕದ್ದುಹೋದರೆ? 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಇದು ನಡೆಯಿತು. ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಬ್ಯಾಂಕ್ ಖಾತೆಯಿಂದ, ಒ.ಟಿ.ಪಿ.ಯೂ ಬಾರದೆ ಹಣ ಹೋಗಿತ್ತು. ನೋಂದಣಿ ಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನು ಕಳ್ಳರು ಬಳಸಿಕೊಂಡಿದ್ದರೆಂದು ಪೊಲೀಸರ ತನಿಖೆ ಹೇಳಿತು. ಆಮೇಲೆ ಪತ್ರಗಳ ಪ್ರತಿಯಲ್ಲಿ ಬೆರಳ ಗುರುತು ಕಾಣದಂತೆ ಮರೆಮಾಡುವ ಕ್ರಮ ಬಂತು. ನಮ್ಮ ಆಧಾರಿನ ಬೆರಳ ಗುರುತಿಗೆ ನಾವೇ ಬೀಗ ಹಾಕಿಕೊಂಡು, ಬೇಕಾದಾಗ ತೆರೆಯುವ ಅನುಕೂಲವಿದೆ. ಮನೆಯಲ್ಲಿ ಮೊಬೈಲು ಬಲ್ಲ ಮಕ್ಕಳು ಹಿರಿಯರಿಗೆ ಇದನ್ನು ಮಾಡಿಕೊಡಬಹುದು. ಆದರೆ ಬೀಗ ಹಾಕಿದ್ದಾಗ ರೇಷನ್ ಅಂಗಡಿಯಲ್ಲಿಯೂ ಬೆರಳು ನಡೆಯುವುದಿಲ್ಲ, ಅಲ್ಲಿಗೆ ಹೋಗುವ ಮುನ್ನ ತೆರೆಯಬೇಕು.

ಶಾಲೆಯ ಗೋಡೆಯ ಯಂತ್ರ ಸಾಮಾನ್ಯವಾಗಿ ಆಧಾರಿಗೆ ಸೇರಿದ್ದಲ್ಲ, ಅದರ ಪಟ್ಟಿ ಅದರೊಳಗೇ ಅಥವಾ ಕಚೇರಿಯ ಗಣಕಯಂತ್ರದಲ್ಲಿ ಇರುತ್ತದೆ. ‘ನಾವು ಚಿತ್ರ ಇಡುವುದಿಲ್ಲ, ಬರಿಯ ಅಂಕಿ ಇಡುತ್ತೇವೆ’ ಎಂದು ಮಾರುವವರು ಹೇಳುತ್ತಾರೆ. ಪೂರ್ತಿ ನೆಮ್ಮದಿಪಡುವಂತಿಲ್ಲ, ಅಂಥ ಬಿಂದುಗಳ ಪಟ್ಟಿಯಿಂದಲೇ ಯಂತ್ರವನ್ನು ವಂಚಿಸುವಷ್ಟು ಹೋಲುವ ಗೆರೆಗಳನ್ನು ಮರಳಿ ಬಿಡಿಸಬಹುದೆಂದು ಸಂಶೋಧಕರು ತೋರಿಸಿದ್ದಾರೆ.

ಈ ಪ್ರಶ್ನೆಯನ್ನು ದೇಶದ ಮುಂದೆ ಇಟ್ಟವರು ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ, 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು ಅವರದೇ ಹೆಸರಿನ ಮೊಕದ್ದಮೆಯಲ್ಲಿ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದರೂ, ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದೂ, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಿಸಬಾರದೆಂದೂ ಸ್ಪಷ್ಟಪಡಿಸಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಪತ್ರವನ್ನು ಓದದೆ ಸಹಿ ಮಾಡಿ ಮಗುವಿನ ಚೀಲಕ್ಕೆ ತುರುಕಬೇಡಿ.

ನಾಗಾವಿಯ ಆ ತಂದೆಗೆ ನಾನು ಹೇಳಿದ್ದು ಇಷ್ಟು. ಸಹಿ ಹಾಕಿರಿ, ಆದರೆ ಅದಕ್ಕೂ ಮುನ್ನ ವಾರ್ಡನ್ನರನ್ನು ಕೇಳಿರಿ: ಬೆರಳು ಬಾರದ ದಿನ ಮಗಳ ಹಾಜರಿ ಬರೆಯಲು ಪುಸ್ತಕ ಇದೆಯೇ, ಅದನ್ನು ಬರೆಯುವವರು ಯಾರು? ಬೆರಳು ಒಲ್ಲೆನೆಂದವರಿಗೆ ಬರಿಯ ಕಾರ್ಡು ನಡೆಯುತ್ತದೆಯೇ? ಪಟ್ಟಿ ಯಾವ ಗಣಕಯಂತ್ರದಲ್ಲಿದೆ, ಅದರ ಪಾಸ್‌ವರ್ಡು ಎಷ್ಟು ಜನಕ್ಕೆ ಗೊತ್ತು? ಯಂತ್ರ ಕೆಟ್ಟು ರಿಪೇರಿಗೆ ಹೋದಾಗ ಒಳಗಿನ ಗುರುತುಗಳನ್ನು ಅಳಿಸಿ ಕಳಿಸುತ್ತಾರೆಯೇ? ಮತ್ತೆ, ಓದು ಮುಗಿಸಿ ಹೋದವರ ಬೆರಳು ಏನಾಗುತ್ತದೆ? ಹಿಂದಿನ ವರ್ಷಗಳ ಮಕ್ಕಳ ಗುರುತನ್ನೆಲ್ಲ ಹೊತ್ತುಕೊಂಡಿರುವ ಯಂತ್ರಗಳು ಎಷ್ಟಿವೆಯೋ. ಟಿ.ಸಿ. ಕೊಡುವ ರಿಜಿಸ್ಟರಿನಲ್ಲಿಯೇ ‘ಬೆರಳ ಗುರುತು ಅಳಿಸಲಾಗಿದೆ’ ಎಂದು ಒಂದು ಕಾಲಂ ಹಾಕಿ, ಮಗು ಎದುರಿಗಿರುವಾಗಲೇ ಅಳಿಸಿ, ಒಮ್ಮೆ ಬೆರಳು ಇಡಿಸಿ ಯಂತ್ರ ‘ಗೊತ್ತಿಲ್ಲ’ ಎನ್ನುವುದನ್ನು ಕೇಳಿಸಿ ಕಳಿಸಿದರೆ ಆಯಿತು. ಎರಡು ನಿಮಿಷದ ಕೆಲಸ.