ಅಂಗಳದಲ್ಲಿ ಕೇಳಿಸಿಕೊಂಡ ಓದು ಸಂಶೋಧನೆಗೆ ಸಾಕೇ?

‘ಪ್ರಥಮ್’ ಸಂಸ್ಥೆಯ ನೇತೃತ್ವದಲ್ಲಿ 2005ರಿಂದ ನಡೆದುಬಂದಿರುವ ‘ಅಸರ್’ ಸಮೀಕ್ಷೆ ಹಳ್ಳಿಯ ಮಕ್ಕಳ ಕಲಿಕೆಯನ್ನು ಅವರ ಮನೆಗೇ ಹೋಗಿ ಅಳೆಯುತ್ತದೆ. ಸಾಧನ ಬಲು ಸರಳ. ಅಕ್ಷರಗಳು, ಬಿಡಿ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ, ಜೊತೆಗೆ ಸಂಖ್ಯೆ ಗುರುತಿಸುವುದು, ಕಳೆಯುವುದು ಮತ್ತು ಭಾಗಿಸುವುದು. 5ರಿಂದ 16 ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸುತ್ತಾರೆ. ಮಕ್ಕಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವವರು, ನೀತಿ ರೂಪಿಸುವವರು ಈ ಮಾಹಿತಿಯನ್ನು ನೆಚ್ಚಿಕೊಳ್ಳಬಹುದೇ?

ಪರ

ಮಗುವಿಗೆ ಓದಲು ಬರುತ್ತದೆಯೇ ಎಂದು ತಿಳಿಯಬೇಕಾದರೆ ಅದರ ಬಾಯಲ್ಲೇ ಓದಿಸಿ ಕೇಳಬೇಕು. ಇಷ್ಟು ಸೀದಾ ಕೆಲಸವನ್ನು ನಮ್ಮ ಶಿಕ್ಷಣ ವ್ಯವಸ್ಥೆ ದಶಕಗಳ ಕಾಲ ಮಾಡಲೇ ಇಲ್ಲ. ಎಷ್ಟು ಮಕ್ಕಳು ದಾಖಲಾದರು, ಎಷ್ಟು ಕೊಠಡಿ ಕಟ್ಟಿದೆವು, ಎಷ್ಟು ಶೌಚಾಲಯ ಇವೆ ಎಂಬ ಲೆಕ್ಕ ಕಡತಗಳಲ್ಲಿತ್ತು. ಐದನೇ ತರಗತಿಯ ಮಗು ಎರಡನೇ ತರಗತಿಯ ಪುಟ ಓದಬಲ್ಲದೇ ಎಂಬುದು ಎಲ್ಲೂ ಇರಲಿಲ್ಲ.

ಲಿಖಿತ ಪರೀಕ್ಷೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ನಾಲ್ಕು ಆಯ್ಕೆಯ ಪ್ರಶ್ನೆಪತ್ರಿಕೆ ಓದು ಬಲ್ಲ ಮಗುವಿಗಾಗಿಯೇ ತಯಾರಾದದ್ದು. ಓದಲು ಬಾರದ ಮಗು ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಆ ಮಗುವಿಗೆ ಗಣಿತ ಗೊತ್ತಿಲ್ಲವೋ ಪ್ರಶ್ನೆಯನ್ನೇ ಓದಲಾಗಲಿಲ್ಲವೋ, ಅಂಕಪಟ್ಟಿ ಹೇಳುವುದಿಲ್ಲ. ಅಸರ್‌ನ ಸ್ವಯಂಸೇವಕರು ಮೊದಲು ನಾಲ್ಕು ಸಾಲಿನ ಪಠ್ಯ ಕೊಡುತ್ತಾರೆ. ಸರಾಗವಾಗಿ ಓದಿದರೆ ಕಥೆಗೆ ಹೋಗುತ್ತಾರೆ, ತಡವರಿಸಿದರೆ ಪದಕ್ಕೆ, ಅದೂ ಆಗದಿದ್ದರೆ ಅಕ್ಷರಕ್ಕೆ ಇಳಿಯುತ್ತಾರೆ. ಮಗು ನಿಂತಿರುವ ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಶಿಕ್ಷಕರೂ ಪೋಷಕರೂ ಕೂಡಲೇ ಅರ್ಥ ಮಾಡಿಕೊಳ್ಳಬಲ್ಲರು.

ಶಾಲೆಯೊಳಗೆ ಪರೀಕ್ಷೆ ನಡೆಸಿದರೆ ಅಂದು ಬಂದ ಮಕ್ಕಳಷ್ಟೇ ಸಿಗುತ್ತಾರೆ. ಹತ್ತಿ ಬಿಡಿಸಲು ಹೋದವರು, ಗುಳೆ ಹೋಗಿ ಮರಳಿದವರು, ಶಾಲೆ ಬಿಟ್ಟವರು ಲೆಕ್ಕಕ್ಕೇ ಬರುವುದಿಲ್ಲ. ಮನೆಗೆ ಹೋದಾಗ ಸರ್ಕಾರಿ ಶಾಲೆಯ ಮಗುವೂ ಖಾಸಗಿ ಶಾಲೆಯ ಮಗುವೂ ಶಾಲೆಯೇ ಇಲ್ಲದ ಮಗುವೂ ಒಂದೇ ಹಾಳೆಯ ಮುಂದೆ ಕೂರುತ್ತಾರೆ. ಫಲಿತಾಂಶದಿಂದ ಯಾರ ಬಡ್ತಿಯೂ ನಿಲ್ಲುವುದಿಲ್ಲ, ಹಾಗಾಗಿ ತಿದ್ದುವ ಆಸೆಯೂ ಹುಟ್ಟುವುದಿಲ್ಲ. ಮಧ್ಯಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಸಿಂಗ್ ಸರ್ಕಾರಿ ಮೌಲ್ಯಮಾಪನದ ಪ್ರಶ್ನೆಗಳನ್ನೇ ಅದೇ ಮಕ್ಕಳಿಗೆ ಸ್ವತಂತ್ರವಾಗಿ ಮತ್ತೆ ಕೊಟ್ಟು ನೋಡಿದರು. ದಾಖಲೆಯಲ್ಲಿದ್ದ ಅಂಕಗಳು ಬಹಳ ಉಬ್ಬಿದ್ದವು ಎಂಬುದು ಬೆಳಕಿಗೆ ಬಂತು.

ನನ್ನನ್ನು ಪೂರ್ತಿ ಒಪ್ಪಿಸಿದ್ದು 2021ರ ಮಾರ್ಚ್‌ನಲ್ಲಿ ಕರ್ನಾಟಕದ 24 ಜಿಲ್ಲೆಗಳಲ್ಲಿ ನಡೆದ ಸಮೀಕ್ಷೆ. ಕೋವಿಡ್‌ನಿಂದಾಗಿ ಒಂದರಿಂದ ಐದನೇ ತರಗತಿಯ ಕೊಠಡಿಗಳಿಗೆ ಆಗ ಬೀಗ ಬಿದ್ದಿತ್ತು. ಶಾಲೆಯನ್ನು ನಂಬಿಕೊಂಡ ಯಾವ ಸಾಧನವೂ ಆ ಹೊತ್ತಿಗೆ ಕೆಲಸಕ್ಕೆ ಬರುತ್ತಿರಲಿಲ್ಲ. ಮನೆಮನೆಗೆ ಹೋದವರು ಕಂಡದ್ದೇನು? ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು; ಅದು 10ರ ಆಸುಪಾಸಿಗೆ ಇಳಿದಿತ್ತು. ಹಿಂದಿನ ವರ್ಷಗಳಲ್ಲೂ ಇದೇ ಬಗೆಯ ಹಾಳೆ ಬಳಸಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ದೇಶದ ಮಟ್ಟದಲ್ಲೂ ಹೀಗೇ. ಆ ಪಠ್ಯ ಓದಬಲ್ಲ ಐದನೇ ತರಗತಿಯ ಮಕ್ಕಳು 2018ರಲ್ಲಿ ಶೇ. 50.5, 2022ರಲ್ಲಿ ಶೇ. 42.8, 2024ರಲ್ಲಿ ಶೇ. 48.8. ಬಿದ್ದದ್ದೂ ಎದ್ದದ್ದೂ ಎರಡೂ ಕಾಣುತ್ತವೆ.

ಇನ್ನಷ್ಟು ನಾಜೂಕಾದ ಪರೀಕ್ಷೆ ಮಾಡಲು ಬರುವುದಿಲ್ಲವೇ ಎಂದರೆ, ಬರುತ್ತದೆ. ಆದರೆ ಅದನ್ನು ಹಳ್ಳಿಯ ಕಾಲೇಜು ಹುಡುಗ ಹುಡುಗಿಯರು ಎರಡು ಮೂರು ದಿನದ ತರಬೇತಿ ಪಡೆದು ಲಕ್ಷಾಂತರ ಮಕ್ಕಳಿಗೆ ಮಾಡಲಾಗದು.

ವಿರೋಧ

ನಾನು ಪಾಠ ಮಾಡುವುದು ಸರ್ಕಾರಿ ಶಾಲೆಯ ಚಟುವಟಿಕೆ ಆಧಾರಿತ ನಲಿಕಲಿ ತರಗತಿಗೆ. ನನ್ನ ಮಕ್ಕಳ ಓದು ಇನ್ನೂ ಹಿಂದಿದೆ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುವವಳಲ್ಲ. ಮನೆಗೆ ಹೋಗಿ ಕೇಳುವುದೂ ಬಾಯಿಯಲ್ಲಿ ಓದಿಸುವುದೂ ಒಳ್ಳೆಯ ಪದ್ಧತಿಗಳೇ. ನನ್ನ ತಕರಾರು ಆ ಹಾಳೆಯ ಮೇಲೆ ನಾವು ಹೇರುವ ಭಾರದ ಬಗ್ಗೆ.

ಮೊದಲಿಗೆ ಲಿಪಿ. ಕನ್ನಡದ ಮಗು ಮೂಲಾಕ್ಷರ ಕಲಿತರೆ ಮುಗಿಯಲಿಲ್ಲ; ಕಾಗುಣಿತ ಬರಬೇಕು, ಒತ್ತಕ್ಷರ ಬರಬೇಕು. ನೂರಾರು ರೂಪಗಳು ಕಣ್ಣಿಗೂ ನಾಲಗೆಗೂ ಪಳಗಬೇಕು. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಕ್ಷರಜ್ಞಾನ ಮೊದಲೆರಡು ವರ್ಷಗಳಲ್ಲಿ ಪೂರ್ತಿಯಾಗುವುದಿಲ್ಲ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿದರು. ತರಗತಿಯಲ್ಲಿ ದಿನವೂ ನಾನು ನೋಡುವುದು ಇದನ್ನೇ. ಒತ್ತಿಲ್ಲದ ಸಾಲನ್ನು ಹಾಡಿನ ಹಾಗೆ ಓದುವ ಹುಡುಗ, ಒಂದು ಕ್ರಿಯಾಪದದೊಳಗೇ ಎರಡು ಒತ್ತು ಬಂದಾಗ ನಿಲ್ಲುತ್ತಾನೆ. ಹಾಳೆಯಲ್ಲಿ ಅವನು ‘ಪದ’ದ ಮಟ್ಟ. ಅವನಿಗೆ ಬರುವುದೇನು, ಬಾರದಿರುವುದು ಯಾವುದು ಎಂಬುದು ಆ ಒಂದು ಗುರುತಿನಲ್ಲಿ ಅಳಿಸಿಹೋಗುತ್ತದೆ. ಅದೇ ಗುರುತನ್ನು ಹಿಡಿದು ಬೇರೆ ಲಿಪಿಯ ರಾಜ್ಯದೊಂದಿಗೆ ನಮ್ಮನ್ನು ಪಟ್ಟಿಯಲ್ಲಿ ನಿಲ್ಲಿಸುತ್ತಾರೆ. ಇದು ನ್ಯಾಯವಲ್ಲ.

ಎರಡನೆಯದು ಮನೆಮಾತು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಕರಾವಳಿಯ ಮಗು ತುಳು ಅಥವಾ ಕೊಂಕಣಿ. ಪುಸ್ತಕದ ಕನ್ನಡ ಕಲಬುರಗಿಯ ಕನ್ನಡದ ಮಗುವಿಗೂ ಸ್ವಲ್ಪ ದೂರವೇ. ಗುರುತಿಲ್ಲದವರು ಬಂದು, ಅಜ್ಜಿ, ಅಕ್ಕಪಕ್ಕದವರು ಸುತ್ತ ನೆರೆದಾಗ, ನಾಚಿಕೊಳ್ಳುವ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗುವೂ ಓದು ಬಾರದ ಮಗುವೂ ಹಾಳೆಗೆ ಒಂದೇ.

ಇನ್ನು ಅರ್ಥ ಗ್ರಹಿಕೆ. ಕಥೆಯನ್ನು ಗಡಗಡ ಓದಿ, ಕಥೆಯಲ್ಲಿ ಏನಾಯಿತು ಎಂದರೆ ಕಣ್ಣು ಪಿಳಿಪಿಳಿ ಬಿಡುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ತಡವರಿಸಿ ಓದಿ ಕಥೆಯನ್ನು ತಮ್ಮ ಮಾತಲ್ಲಿ ಚಂದವಾಗಿ ಹೇಳುವವರೂ ಇದ್ದಾರೆ. ಬರವಣಿಗೆಯಂತೂ ಈ ಸಾಧನದ ವ್ಯಾಪ್ತಿಯಲ್ಲೇ ಇಲ್ಲ. ಬಿ.ಎಡ್‌ನಲ್ಲಿ ನಮಗೆ ಹೇಳಿಕೊಟ್ಟ ಪಾಠ ಇದು: ಎಲ್ಲರೂ ಒಂದೇ ಥರ ಅಳೆದರೆ ವಿಶ್ವಾಸಾರ್ಹತೆ ಬಂತು, ಅಳೆಯಬೇಕಾದದ್ದನ್ನೇ ಅಳೆದೆವೇ ಎಂಬ ಸಪ್ರಮಾಣತೆಯ ಪ್ರಶ್ನೆ ಬೇರೆಯೇ.

ಈ ಅಂಕಿಗಳಿಂದ ಜಿಲ್ಲೆಗಳನ್ನು ಹೋಲಿಸುವ ಸುದ್ದಿಗಳನ್ನು ಓದುವಾಗ ಸಿಟ್ಟು ಬರುತ್ತದೆ. ಸಮೀಕ್ಷೆ ನೋಡುವುದು ಒಂದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಅಷ್ಟರಲ್ಲಿ ಮೂರನೇ ತರಗತಿಯ ಮಕ್ಕಳೆಂದು ಸಿಗುವುದು ಕೆಲವು ಹತ್ತುಗಳಷ್ಟೇ. ರಾಜ್ಯದ ಚಿತ್ರಕ್ಕೆ ಆ ಮಾದರಿ ಸಾಲುತ್ತದೆ. ಎರಡು ಜಿಲ್ಲೆಗಳ ನಡುವಿನ ಎರಡು ಮೂರು ಶೇಕಡಾಂಶದ ಅಂತರವನ್ನು ಸೋಲು ಗೆಲುವು ಎಂದು ಬರೆಯಲು ಸಾಲುವುದಿಲ್ಲ. ಸರ್ಕಾರಿ, ಖಾಸಗಿ ಎಂದು ಹೋಲಿಸುವಾಗಲೂ ಮನೆಯ ಸ್ಥಿತಿ, ತಾಯಿಯ ಓದು, ಟ್ಯೂಷನ್ ಇವನ್ನೆಲ್ಲ ಬದಿಗಿಟ್ಟು ನಮ್ಮ ಕಡೆಗೆ ಬೆರಳು ತೋರಿಸುವುದು ಸುಲಭ.

ನನಗೆ ಬೇಸರವಿರುವುದು ಇನ್ನೊಂದು ಕಾರಣಕ್ಕೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಗು ಯಾವ ಮೈಲಿಗಲ್ಲು ದಾಟಿತು ಎಂಬುದನ್ನು ಪ್ರಗತಿನೋಟದಲ್ಲಿ ಗುರುತು ಮಾಡುತ್ತಾ ಹೋಗುತ್ತೇವೆ. ಯಾವ ಮಗು ಎಲ್ಲಿ ಸಿಕ್ಕಿಕೊಂಡಿತು, ಎಷ್ಟು ವಾರ ಅಲ್ಲೇ ಉಳಿಯಿತು ಎಂಬ ಮಾಹಿತಿ ಅಲ್ಲಿದೆ; ಅದನ್ನು ಯಾರೂ ಕೇಳುವುದಿಲ್ಲ. ಅದನ್ನು ನಾವೇ ತುಂಬುವುದರಿಂದ ಚೆಂದಗಾಣಿಸುವ ಅಪಾಯ ಇದೆ, ಮಧ್ಯಪ್ರದೇಶದ ಉದಾಹರಣೆ ನನಗೂ ಗೊತ್ತು. ಹಾಗಿದ್ದರೆ ಹೊರಗಿನವರು ಬಂದು ಕೆಲವು ಮಕ್ಕಳನ್ನು ಮತ್ತೆ ಓದಿಸಿ ನಮ್ಮ ಗುರುತುಗಳನ್ನು ಪರಿಶೀಲಿಸಲಿ. ಎಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ ಎಂಬುದನ್ನು ಸಮೀಕ್ಷೆ ಹೇಳಬಲ್ಲದು. ಏಕೆ ಎಂಬುದಕ್ಕೆ ಸಂಶೋಧಕರು ತರಗತಿಯಲ್ಲಿ ವಾರಗಟ್ಟಲೆ ಕೂತು ನೋಡಬೇಕು, ಮಕ್ಕಳ ಜೊತೆ, ತಾಯಂದಿರ ಜೊತೆ ಮಾತಾಡಬೇಕು. ಅಸರ್‌ನ ಹಾಳೆಯಲ್ಲಿ ಕಥೆಯಾದ ಮೇಲೆ ಎರಡು ಪ್ರಶ್ನೆ ಖಾಯಂ ಆಗಿ ಸೇರಲಿ, ಮಗುವಿನ ಮನೆಮಾತು ಯಾವುದೆಂದು ಬರೆದುಕೊಂಡು ಫಲಿತಾಂಶವನ್ನು ಅದರಂತೆ ವಿಂಗಡಿಸಿ ಕೊಡಲಿ. ಅಷ್ಟಾಗುವವರೆಗೆ ಆ ಅಂಕಿಗಳ ಮೇಲೆ ನನ್ನ ಶಾಲೆಯ ಬಗ್ಗೆ ತೀರ್ಪು ಬರೆಯುವುದನ್ನು ನಾನು ಒಪ್ಪುವುದಿಲ್ಲ.